ಸ್ವಿಚ್ ಇಲ್ಲದ ಬೆಳಕು
(ನಮ್ಮ ವಾರ್ಷಿಕ ಕೂಟದಲ್ಲಿ ಆಡಿದ ಮಾತು)

ವೇದಿಕೆ ಮೇಲೆ ನಿಂತು ಅಭ್ಯಾಸ ಇಲ್ಲ, ಏಣಿ ಮೇಲೆ ನಿಂತು ಅಭ್ಯಾಸ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಊರಲ್ಲಿ ಸರ್ಕಾರಿ ಐಟಿಐ ಮುಗಿಸಿ ಇಂಗ್ಲೆಂಡಿಗೆ ಬಂದ ಎಲೆಕ್ಟ್ರಿಷಿಯನ್ ನಾನು. ಹೋದ ವರ್ಷ ಕೆಂಟ್‌ನ ಟಾನ್‌ಬ್ರಿಜ್‌ನಲ್ಲಿ ಒಂದು ಮನೆಯ ರಿವೈರಿಂಗ್ ಮಾಡ್ತಿದ್ದೆ. ಜೊತೆಗಿದ್ದ ಪ್ಲಂಬರ್, ಪಕ್ಕದ ಟ್ಯೂಡ್ಲಿ ಹಳ್ಳಿಯ ಚರ್ಚಿನ ಕಿಟಕಿ ನೋಡಿಕೊಂಡು ಬಾ ಅಂದ. ರಜಾ ದಿನ ಹೋದೆ. ಹೊಲಗಳ ನಡುವೆ ಇಟ್ಟಿಗೆಯ ಸಣ್ಣ ಹಳೇ ಚರ್ಚು. ಹೊರಗಿಂದ ಕಿಟಕಿಗಳು ಮಸಿ ಮೆತ್ತಿದ ಹಾಗೆ ಕಂಡವು.

ಒಳಗೆ ಹೋದರೆ ಗೋಡೆಯೆಲ್ಲಾ ನೀಲಿ! ಗಾಜಿನ ಹಿಂದೆ ಲೈಟ್ ಹಾಕಿದ್ದಾರೆ ಅಂದುಕೊಂಡು ಸ್ವಿಚ್ ಹುಡುಕಿದೆ. ಬುದ್ಧಿ ನೋಡಿ ನನ್ನದು. ಅದು ಬರೀ ಬಿಸಿಲು.

ಅಲ್ಲಿ ತಿಳಿದದ್ದು ಹೇಳ್ತೀನಿ. 1963ರಲ್ಲಿ ಸಾರಾ ಅನ್ನೋ 21 ವರ್ಷದ ಹುಡುಗಿ ರೈ ಊರಿನ ಹತ್ತಿರ ಸಮುದ್ರದಲ್ಲಿ ದೋಣಿ ದುರಂತದಲ್ಲಿ ತೀರಿಕೊಂಡಳು. ತಂದೆ ಸರ್ ಹೆನ್ರಿ ಡಾವಿಗ್ಡೋರ್-ಗೋಲ್ಡ್‌ಸ್ಮಿಡ್ ಯೆಹೂದಿ, ತಾಯಿ ಕ್ರೈಸ್ತರು. ಮಗಳ ನೆನಪಿಗೆ ಪೂರ್ವದ ಕಿಟಕಿ ಮಾಡಿಕೊಡಿ ಅಂತ ಚಿತ್ರಕಾರ ಮಾರ್ಕ್ ಷಗಾಲ್ ಅವರನ್ನ ಕೇಳಿದರು. ಅವರೂ ಯೆಹೂದಿ, ಹುಟ್ಟಿದ ಊರು ವಿತೆಬ್ಸ್ಕ್ ಬಿಟ್ಟು ಫ್ರಾನ್ಸಿನಲ್ಲಿ ನೆಲೆಸಿದವರು. ಫ್ರಾನ್ಸಿನ ರೀಮ್ಸ್‌ನಲ್ಲಿ ಗಾಜಿನ ಕುಶಲಕರ್ಮಿ ಷಾರ್ಲ್ ಮಾರ್ಕ್ ಜೊತೆ ಸೇರಿ ಮಾಡಿದರು. ಬಣ್ಣದ ಪದರವಿರೋ ಗಾಜನ್ನ ಆಸಿಡ್‌ನಿಂದ ತಿಂದುಹಾಕಿಸಿ, ಒಂದೇ ತುಂಡಿನಲ್ಲಿ ದಟ್ಟ ನೀಲಿ, ತಿಳಿ ನೀಲಿ ಎರಡೂ ಬರಿಸೋ ಕೆಲಸ ಅದು.

1967ರಲ್ಲಿ ಕಿಟಕಿ ಕೂರಿಸಿದಾಗ ಷಗಾಲ್ ಬಂದು ಚರ್ಚು ನೋಡಿದರು, ಉಳಿದ ಕಿಟಕಿಗಳನ್ನೂ ನಾನೇ ಮಾಡ್ತೀನಿ ಅಂದರು. ಒಟ್ಟು 12. ಕೊನೆಯವು ಕೂತದ್ದು 1985ರಲ್ಲಿ. ಅದೇ ವರ್ಷ, 97ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಪೂರ್ವದ ಕಿಟಕಿಯಲ್ಲಿ ಕೆಳಗೆ ಅಲೆಗಳೊಳಗೆ ಹುಡುಗಿ, ಮೇಲೆ ಶಿಲುಬೆಯ ಯೇಸು, ಅವನ ಕಡೆಗೆ ಒಂದು ಏಣಿ. ಏಣಿ ಕಂಡರೆ ನನ್ನ ಕಣ್ಣು ಅಲ್ಲೇ ನಿಲ್ಲುತ್ತೆ. ಮೋಡ ಬಂದಾಗ ನೀಲಿ ಕಪ್ಪಾಯ್ತು, ಮೋಡ ಸರಿದಾಗ ಮತ್ತೆ ಉರಿಯಿತು. ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಇದುವರೆಗೆ ನಿಮ್ಮಲ್ಲಿ ಯಾರಿಗೂ ಹೇಳಿಲ್ಲ. ಅಪ್ಪ ಹೋದಾಗ ವೀಸಾ ಕಾಗದ ಕೈಗೆ ಬಂದಿರಲಿಲ್ಲ. ಮಣ್ಣು ಮಾಡಿದ್ದನ್ನ ಫೋನಲ್ಲಿ ನೋಡಿದೆ, ಮಧ್ಯಾಹ್ನ ಡ್ಯೂಟಿಗೆ ಹೋದೆ. ಆಮೇಲೆ ಊರಿಗೆ ಹೋದಾಗ ಅಪ್ಪನ ಫೋಟೋಗೆ ಒಂದು ಕೆಂಪು ಝೀರೋ ಬಲ್ಬ್ ಹಾಕಿ ಬಂದೆ. ಮಗನಾಗಿ ಮಾಡಿದ್ದು ಅಷ್ಟೇ. "ಕರೆಂಟ್ ಹೋದ್ರೆ ನಿಮ್ಮಪ್ಪ ಕತ್ಲಲ್ಲಿರ್ತಾರೆ ಕಣೋ" ಅಂತಾಳೆ ಅಮ್ಮ.

ಟ್ಯೂಡ್ಲಿಯಿಂದ ವಾಪಸ್ ಬಂದು ಅಮ್ಮನಿಗೆ ಫೋನ್ ಮಾಡಿದೆ. ಫೋಟೋನ ಪೂರ್ವದ ಕಿಟಕಿ ಎದುರಿನ ಗೋಡೆಗೆ ಹಾಕಿಸಮ್ಮ ಅಂದೆ. ಈಗ ಬೆಳಿಗ್ಗೆ ಏಳುವರೆಗೆ ಅಪ್ಪನ ಮುಖಕ್ಕೆ ಬಿಸಿಲು ಬೀಳುತ್ತಂತೆ.

ನೀವೂ ಒಮ್ಮೆ ಹೋಗಿಬನ್ನಿ. ಬೆಳಗಿನ ಹೊತ್ತು ಹೋಗಿ, ಬಿಸಿಲಿರೋ ದಿನ ಹೋಗಿ.