ಬಂದ ಮೀನು, ಇದ್ದ ಮೀನು



ಕೆರೆ ಏರಿಯ ಮೇಲೆ ಗಾಳ ಹಾಕಿ ಕುಳಿತವನನ್ನು ಕಂಡರೆ ‘ಕೆಲಸವಿಲ್ಲದವನು’ ಎಂದು ಊರಿನವರು ನಗುವುದುಂಟು. ಆದರೆ ಆತ ಸುಮ್ಮನೆ ಕುಳಿತಿರುವುದಿಲ್ಲ. ನೀರಿನ ಬಣ್ಣ, ಗಾಳಿಯ ದಿಕ್ಕು, ಜೊಂಡಿನ ಸಂದಿಯಲ್ಲೇಳುವ ಗುಳ್ಳೆ, ಬೆಂಡಿನ ಅಲುಗಾಟ ಎಲ್ಲವನ್ನೂ ಗಮನಿಸುತ್ತಿರುತ್ತಾನೆ. ಕೆರೆಯ ನೀರು ಕೆಟ್ಟಿದೆ ಎಂದು ಪ್ರಯೋಗಾಲಯದ ವರದಿ ಹೇಳುವ ಮೊದಲೇ ಆತನಿಗೆ ಅದು ಗೊತ್ತಾಗಿರುತ್ತದೆ. ಆದ್ದರಿಂದ ಗಾಳದ ಮಾತೆಂದರೆ ಕಾಲಹರಣದ ಮಾತಲ್ಲ. ಗಾಳಕ್ಕೆ ಈಗ ಯಾವ ಮೀನು ಬೀಳುತ್ತಿದೆ, ಯಾವುದು ಬೀಳುವುದು ನಿಂತಿದೆ ಎಂಬುದರಲ್ಲಿ ಒಂದು ಊರಿನ ನೀರಿನ ಚರಿತ್ರೆಯೇ ಇದೆ.

ಮೊದಲು ದೂರದ ಉದಾಹರಣೆಯೊಂದನ್ನು ನೋಡೋಣ. ಉತ್ತರ ಅಮೆರಿಕದ ಪೂರ್ವಭಾಗದ ತಣ್ಣನೆಯ ಹೊಳೆ, ಸರೋವರಗಳಲ್ಲಿ ಬ್ರೂಕ್ ಟ್ರೌಟ್ ಎಂಬ ಚುಕ್ಕೆ ಮೀನು ಇದೆ. ನೊಣದಂತೆ ಕಾಣುವ ಹುಸಿ ಹುಳುವನ್ನು ಗಾಳಕ್ಕೆ ಕಟ್ಟಿ ಅದನ್ನು ಹಿಡಿಯುವುದು ಅಲ್ಲಿಯವರಿಗೆ ಬಹು ಪ್ರಿಯವಾದ ಹವ್ಯಾಸ. ಈ ಮೀನಿನ ಬೇಡಿಕೆ ಒಂದೇ: ನೀರು ತಣ್ಣಗಿರಬೇಕು, ಶುದ್ಧವಾಗಿರಬೇಕು. ಇದರ ಹಿಂದೆ ಸರಳವಾದ ವಿಜ್ಞಾನವಿದೆ. ಸಮುದ್ರಮಟ್ಟದಲ್ಲಿ 10 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯ ನೀರಿನಲ್ಲಿ ಅದು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಉಸಿರಾಟ ಕಷ್ಟ.

ಈ ಮೀನಿನ ಕಥೆಗೆ ಇನ್ನೊಂದು ಮುಖವೂ ಇದೆ. ಬ್ರೂಕ್ ಟ್ರೌಟನ್ನು ಜನ ಅದರ ತವರಿನಿಂದ ಅಮೆರಿಕದ ಪಶ್ಚಿಮದ ಹೊಳೆಗಳಿಗೆ ಒಯ್ದು ಬಿಟ್ಟರು. ಅಲ್ಲಿ ಅದು ಹಲವು ಕಡೆ ಕಟ್‌ಥ್ರೋಟ್ ಎಂಬ ಸ್ಥಳೀಯ ಟ್ರೌಟನ್ನು ಹಿಂದಕ್ಕೆ ತಳ್ಳಿತು. ತವರಿನಲ್ಲಿ ಬ್ರೂಕ್ ಟ್ರೌಟಿಗೂ ಅದೇ ಗತಿ ಬಂತು. ಹೊರಗಿನಿಂದ ತಂದು ಬಿಟ್ಟ ಬೇರೆ ಟ್ರೌಟ್‌ಗಳು ಅದರ ಜಾಗವನ್ನು ಕಸಿದವು. ಒಂದು ಹೊಳೆಯಲ್ಲಿ ಮನೆಯವನಾಗಿದ್ದ ಮೀನು ಇನ್ನೊಂದು ಹೊಳೆಯಲ್ಲಿ ಮನೆ ಕಸಿಯುವವನಾಯಿತು.

ನಮ್ಮ ನೆರೆಯ ನೀಲಗಿರಿಗೂ ಟ್ರೌಟ್ ಬಂದಿದೆ. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಮಾಡಿದ ಪ್ರಯತ್ನ ಫಲಿಸಲಿಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಎಚ್.ಸಿ. ವಿಲ್ಸನ್ ಅವರು ರೇನ್‌ಬೋ ಟ್ರೌಟನ್ನು ಅಲ್ಲಿ ನೆಲೆಗೊಳಿಸಿದರು. ಬೆಟ್ಟದ ತಣ್ಣನೆಯ ತೊರೆಗಳಲ್ಲಿ ಅದು ಉಳಿಯಿತು. ದೊಡ್ಡಬಳ್ಳಾಪುರದ ಕೆರೆಗೆ ತಂದು ಬಿಟ್ಟಿದ್ದರೆ ಒಂದು ಬೇಸಿಗೆಯನ್ನೂ ದಾಟುತ್ತಿರಲಿಲ್ಲ.

ಹಾಗಾದರೆ ನಮ್ಮ ಬಯಲುಸೀಮೆಯ ಕೆರೆಗೆ ತಕ್ಕ ಮೀನು ಯಾವುದು? ಕೊರವ, ಚೇಳು ಮೀನು, ಪಕ್ಕೆ, ಗೆಂಡೆಗಳ ಹೆಸರು ಹಳಬರ ಬಾಯಲ್ಲಿ ಇಂದಿಗೂ ಇದೆ. ಇವುಗಳಲ್ಲಿ ಕೊರವ ವಿಶೇಷವಾದುದು. ನೀರಿನಿಂದ ತಲೆ ಎತ್ತಿ ನೇರವಾಗಿ ಗಾಳಿಯನ್ನು ಉಸಿರಾಡುವ ಅಂಗ ಅದಕ್ಕಿದೆ. ಬೇಸಿಗೆಯಲ್ಲಿ ಕೆರೆ ಕೆಸರಿನ ಗುಂಡಿಯಾದರೂ ಅದು ಜೀವ ಹಿಡಿದುಕೊಂಡಿರುತ್ತದೆ. ಟ್ರೌಟ್ ತಣ್ಣೀರಿಗೆ ಹೊಂದಿಕೊಂಡಂತೆ ಕೊರವ ಬರಕ್ಕೆ ಹೊಂದಿಕೊಂಡಿದೆ. ತನ್ನ ಕೆಂಬಣ್ಣದ ಮರಿಗಳ ಹಿಂಡನ್ನು ಅದು ಕಾವಲು ಕಾಯುತ್ತದೆ. ಆ ಹೊತ್ತಿನಲ್ಲಿ ಎದುರಿಗೆ ಬಂದ ಯಾವುದನ್ನೇ ಆದರೂ ಕಚ್ಚುವುದರಿಂದ ಗಾಳಕ್ಕೆ ಬಲು ಸುಲಭವಾಗಿ ಬೀಳುತ್ತದೆ. ಒಂದು ತಾಯಿಮೀನು ಹೋದರೆ ಹಿಂಡಿಗೆ ಹಿಂಡೇ ಬೇರೆ ಮೀನುಗಳ ಬಾಯಿಗೆ ಬೀಳುತ್ತದೆ. ಬಲ್ಲ ಗಾಳಗಾರ ಅಂಥ ಜಾಗದಿಂದ ಎದ್ದು ಬರುತ್ತಾನೆ.

ನಮ್ಮ ಕೆರೆಗಳು ಒಂಟಿಯಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಯಿಂದ ಹೆಸರಘಟ್ಟಕ್ಕೆ ಬರುತ್ತದೆ. ನೆಲಮಂಗಲದ ಶಿವಗಂಗೆಯಿಂದ ಬರುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅದನ್ನು ಸೇರುತ್ತದೆ. ದೇವನಹಳ್ಳಿ, ಹೊಸಕೋಟೆ ಕಡೆಯ ನೀರು ದಕ್ಷಿಣ ಪಿನಾಕಿನಿಗೆ ಸಲ್ಲುತ್ತದೆ. ಹೊಸ ಮಳೆಯ ನೀರು ಹರಿದಾಗ ಮೀನು ಅದಕ್ಕೆ ಎದುರಾಗಿ ಹತ್ತಿ, ಕಾಲುವೆ, ಗದ್ದೆಬಯಲುಗಳಲ್ಲಿ ಮೊಟ್ಟೆ ಇಡುತ್ತದೆ. ಕಾಲುವೆ ಮುಚ್ಚಿದರೆ ಕೆರೆಗೆ ನೀರಿನ ದಾರಿ ತಪ್ಪುವಂತೆ ಮೀನಿಗೂ ದಾರಿ ತಪ್ಪುತ್ತದೆ. 2021 ಮತ್ತು 2022ರ ಭಾರಿ ಮಳೆಗೆ ವರ್ಷಗಟ್ಟಲೆ ಬರಿದಾಗಿದ್ದ ಕೆರೆಗಳು ಕೋಡಿ ಬಿದ್ದಾಗ ಈ ಹಳೆಯ ದಾರಿಗಳ ಮಹತ್ವ ಎಲ್ಲರ ಕಣ್ಣಿಗೂ ಬಿತ್ತು.

ಇಂದು ಈ ಕೆರೆಗಳಲ್ಲಿ ಹೆಚ್ಚಾಗಿ ಸಿಗುವುದು ಕಾಟ್ಲಾ, ರೋಹು, ಮೃಗಾಲ್. ಇವು ಉತ್ತರದ ಗಂಗೆ ಮೊದಲಾದ ದೊಡ್ಡ ನದಿಗಳ ಮೀನುಗಳು. ನಿಂತ ನೀರಿನ ಕೆರೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ, ಆದರೆ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಆ ದಿನವನ್ನೇ ದೇಶ ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ. ಅಲ್ಲಿಂದ ಮುಂದೆ ಮೀನುಮರಿ ಊರೂರಿಗೆ ತಲುಪುವಂತಾಯಿತು. ಬೆಸ್ತರ ಮನೆಗಳಿಗೆ ಆದಾಯ, ಬಡವರ ತಟ್ಟೆಗೆ ಸಾರು ಸಿಕ್ಕಿತು. ಇದನ್ನು ತಪ್ಪೆನ್ನಲಾಗದು.

ಆದರೆ ಬೆಲೆಯನ್ನೂ ತೆತ್ತಿದ್ದೇವೆ. ಪ್ರತಿ ವರ್ಷ ಮರಿ ತಂದು ಬಿಡುವ ಕೆರೆಯಲ್ಲಿ ‘ಮೀನಿದೆ’ ಎಂಬ ಭ್ರಮೆ ಉಳಿಯುತ್ತದೆ. ತಾನಾಗಿ ಹುಟ್ಟಿ ಬೆಳೆಯುವ ಮೀನು ಕಾಣೆಯಾದದ್ದು ತಿಳಿಯುವುದೇ ಇಲ್ಲ. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾ, ಅಂದರೆ ಜಿಲೇಬಿ ಮೀನು, ಕರೆಯದಿದ್ದರೂ ಕೆರೆಕೆರೆಗೂ ಹಬ್ಬಿತು. ಸರ್ಕಾರದ ನಿಷೇಧವಿದ್ದರೂ ಆಫ್ರಿಕನ್ ಕ್ಯಾಟ್‌ಫಿಶ್ ಕಳ್ಳದಾರಿಯಲ್ಲಿ ಬಂದು ಸಣ್ಣ ಮೀನುಗಳನ್ನು ನುಂಗುತ್ತಿದೆ. ಎಂಥ ಹೊಲಸು ನೀರಿನಲ್ಲೂ ಅದು ಬದುಕಬಲ್ಲದು.

ಇದು ಕೆರೆಗಷ್ಟೇ ಸೀಮಿತವಲ್ಲ ಎನ್ನಲು ಅರ್ಕಾವತಿಯ ಕೊನೆಯನ್ನು ನೋಡಬೇಕು. ಕನಕಪುರದಾಚೆ ಸಂಗಮದಲ್ಲಿ ಅದು ಕಾವೇರಿಗೆ ಸೇರುತ್ತದೆ. 2007ರವರೆಗೆ ಆ ಸೀಮೆಯೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯದೇ ಆಗಿತ್ತು. ಕಾವೇರಿಯ ಗೂನುಬೆನ್ನಿನ ಮಹಶೀರ್ ಹಿಡಿಯಲು ಜಗತ್ತಿನ ಗಾಳಗಾರರು ಅಲ್ಲಿಗೆ ಬರುತ್ತಿದ್ದರು. ಕಾವೇರಿಯ ಉಪನದಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಹಿಡಿದ ಮಹಶೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು. ಕಾವೇರಿಯ ಗಾಳಕ್ಕೆ ಕಟ್ಟುತ್ತಿದ್ದ ಮೇವು ಯಾವುದು ಗೊತ್ತೇ? ಬೇಯಿಸಿದ ರಾಗಿ ಹಿಟ್ಟಿನ ಉಂಡೆ!

ಈ ಮಹಾಮತ್ಸ್ಯ ಕಡಿಮೆಯಾಗುತ್ತಿದೆಯೆಂದು, ನದಿಯ ಹಿತಕ್ಕಾಗಿಯೇ, ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಇನ್ನೊಂದು ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಗಾಲಿಬೋರೆಯಲ್ಲಿ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಸಂಶೋಧಕರು ತೆಗೆದು ನೋಡಿದಾಗ ಬಂದ ಮೀನು ಹೆಚ್ಚಿತ್ತು, ಇದ್ದ ಮೀನು ಅಳಿವಿನಂಚಿಗೆ ಸರಿದಿತ್ತು. ಗೂನುಬೆನ್ನಿನ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ನಿಗದಿಯಾದದ್ದೇ 2018ರಲ್ಲಿ. ಅದೇ ವರ್ಷ ಅದು ಅತಿ ಗಂಭೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದಿನ ಬೇಟೆಗಳ ಪಾಲೂ ಇದರಲ್ಲಿದೆ. ಆದರೂ ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ಕೆಡುಕಾಗಬಹುದೆಂಬ ಪಾಠವನ್ನು ಮರೆಯುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ನೀರು. ದೊಡ್ಡಬಳ್ಳಾಪುರ ನಗರದ ಒಳಚರಂಡಿ ಮತ್ತು ಬಾಶೆಟ್ಟಿಹಳ್ಳಿ ಕೈಗಾರಿಕೆಗಳ ತ್ಯಾಜ್ಯ ತಮ್ಮ ಕೆರೆಗಳಿಗೆ ಸೇರುತ್ತಿದೆ ಎಂದು ಚಿಕ್ಕತುಮಕೂರು, ದೊಡ್ಡತುಮಕೂರು ಭಾಗದ ಗ್ರಾಮಸ್ಥರು ವರ್ಷಗಳಿಂದ ಹೋರಾಡುತ್ತ ಬಂದಿದ್ದಾರೆ. ಕೊಳಚೆ ಸೇರಿದ ಕೆರೆಯಲ್ಲಿ ಪಾಚಿ ಬೆಳೆಯುತ್ತದೆ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಹೀರುತ್ತದೆ. ಬೆಳಗಿನ ಜಾವ ಮೀನು ಉಸಿರುಗಟ್ಟಿ ತೇಲುವುದು ಇದರಿಂದಲೇ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತದ್ದನ್ನು ಬೆಂಗಳೂರು ಕಂಡಿದೆ.

ಮರಿ ತಂದು ಬಿಡುವುದು ಸುಲಭ. ಫೋಟೋ ತೆಗೆಸಿಕೊಳ್ಳಲೂ ಚೆನ್ನ. ರಾಜಕಾಲುವೆ ತೆರೆಸುವುದು, ಕೊಳಚೆ ತಡೆಯುವುದು, ಬೇಸಿಗೆಗೆ ಒಂದು ಆಳದ ಗುಂಡಿಯಲ್ಲಿ ನೀರು ಉಳಿಸುವುದು ಕಷ್ಟ. ಆದರೆ ಇಷ್ಟು ಮಾಡಿದರೆ ಇದ್ದ ಮೀನು ಯಾರೂ ತಂದು ಬಿಡದೆ ತಾನೇ ಬರುತ್ತದೆ. ಕೆರೆ ಹೇಗಿದೆ ಎಂದು ತಿಳಿಯಬೇಕಾದವರು ಇನ್ನು ಮುಂದೆ ಏರಿಯ ಮೇಲೆ ಕುಳಿತ ಆ ‘ಕೆಲಸವಿಲ್ಲದವ’ನನ್ನೂ ಒಂದು ಮಾತು ಕೇಳಲಿ: ಅಣ್ಣಾ, ಕೊರವ ಬೀಳುತ್ತಿದೆಯೇ?