ಅಹವಾಲು ಸಭೆಗೆ ಹೋಗುವ ಮುನ್ನ

(ಬಂಗಾರಪೇಟೆ ತಾಲ್ಲೂಕಿನ ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಇಂದು ನಾನು ಹೊಸ ತಳಿಯ ವಿಷಯವನ್ನಾಗಲೀ ಗೊಬ್ಬರದ ವಿಷಯವನ್ನಾಗಲೀ ಹೇಳಲು ಬಂದಿಲ್ಲ. ನಮ್ಮ ನೀರು, ನೆಲಗಳನ್ನು ಮುಟ್ಟುವ ಕೆಲವು ದೊಡ್ಡ ಯೋಜನೆಗಳಿಗೆ ಒಪ್ಪಿಗೆ ಕೊಡುವ ಮೊದಲು ಸರ್ಕಾರ ನಮ್ಮ ಅಭಿಪ್ರಾಯ ಕೇಳಬೇಕೆಂಬ ನಿಯಮವಿದೆ. ಹಾಗೆ ಕೇಳುವ ಸಭೆಗೆ ಸಾರ್ವಜನಿಕ ಅಹವಾಲು ಸಭೆ ಎಂದು ಹೆಸರು. ಅಲ್ಲಿ ರೈತ ಏನು ಕೇಳಬೇಕು, ಅದಕ್ಕೆ ಹೇಗೆ ಸಿದ್ಧನಾಗಬೇಕು ಎಂಬುದೇ ಈ ಹೊತ್ತಿನ ಮಾತು.

ಮೊದಲೇ ಕೇಳಬೇಕಾದ ಪ್ರಶ್ನೆ

ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೆರೆ ಬತ್ತಿದ ಮೇಲೆ ಕೊಳವೆ ಬಾವಿ ಸಾವಿರ ಅಡಿ ದಾಟಿತು. ಆಳದ ನೀರಿನಲ್ಲಿ ಲವಣವೂ ಫ್ಲೋರೈಡೂ ಹೆಚ್ಚು. ಹೀಗಿರುವಾಗ 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್ ನೀರೆತ್ತಿ ನೂರಕ್ಕೂ ಹೆಚ್ಚು ಕೆರೆ ತುಂಬಿಸುವ ಯೋಜನೆ ಅದು. ಕೆರೆ ತುಂಬಿದ್ದನ್ನು ಕಂಡು ಸಂತೋಷಪಡದವರಿಲ್ಲ. ಆದರೆ ಮರು ತಿಂಗಳೇ ನೊರೆ ಕಾಣಿಸಿತು. ವಿಷಯ ಉಚ್ಚ ನ್ಯಾಯಾಲಯಕ್ಕೆ ಹೋಗಿ ನೀರು ನಿಂತಿತು, ಮತ್ತೆ ಹರಿಯಿತು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತಡೆ ಬಂತು, ಅದೇ ವರ್ಷ ಅದು ತೆರವಾಯಿತು.

ಯಾರದು ಸರಿ, ಯಾರದು ತಪ್ಪು ಎಂದು ನಾನಿಲ್ಲಿ ಹೇಳುತ್ತಿಲ್ಲ. ನೀರಿನಲ್ಲಿ ಏನಿದೆ, ಅದನ್ನು ಯಾರು ಪರೀಕ್ಷಿಸುತ್ತಾರೆ, ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗಳು ನೀರು ಕೆರೆಗೆ ಬಿದ್ದ ಮೇಲೆ ನ್ಯಾಯಾಲಯದಲ್ಲಿ ಕೇಳಿಬಂದವು. ಅವು ಕೊಳವೆ ಹೂಳುವ ಮುನ್ನ ಊರ ಮುಂದೆ ಕೇಳಬೇಕಾದ ಪ್ರಶ್ನೆಗಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮಗೆ ಹೊಸದಲ್ಲ.

ತೆಗೆದ ಉಪ್ಪು ಎಲ್ಲಿಗೆ?

ಪಾಲಾರ್ ನಮ್ಮ ಬೇತಮಂಗಲದ ಕೆರೆಯನ್ನು ತುಂಬಿ ತಮಿಳುನಾಡಿಗೆ ಇಳಿಯುವ ನದಿ. ಚಿನ್ನದ ಗಣಿಯ ಊರಿಗೆ ಕುಡಿಯುವ ನೀರು ಹೋಗುತ್ತಿದ್ದುದು ಆ ಕೆರೆಯಿಂದಲೇ. ಆ ನದಿ ಸೇರುವ ಕಡಲಿನ ದಡದಲ್ಲಿ ಇಂದು ಚೆನ್ನೈ ನಗರ ಸಮುದ್ರದ ನೀರಿನಿಂದ ಉಪ್ಪು ಬೇರ್ಪಡಿಸಿ ಕುಡಿಯುತ್ತಿದೆ. ಮಿಂಜೂರಿನ ಘಟಕ 2010ರಲ್ಲಿ, ನೆಮ್ಮೇಲಿಯದು 2013ರಲ್ಲಿ ಆರಂಭವಾಯಿತು. ಒಂದೊಂದರ ಸಾಮರ್ಥ್ಯ ದಿನಕ್ಕೆ 10 ಕೋಟಿ ಲೀಟರ್. ನಮ್ಮ ರಾಜ್ಯದಲ್ಲಿಯೂ ಮಂಗಳೂರಿನ ತಣ್ಣೀರುಬಾವಿಯಲ್ಲಿ ತೈಲ ಶುದ್ಧೀಕರಣ ಕಾರ್ಖಾನೆಗಾಗಿ ಅಂಥದೊಂದು ಘಟಕವಿದೆ.

ಇಂಥ ಘಟಕದಲ್ಲಿ ನೀರನ್ನು ಭಾರಿ ಒತ್ತಡದಿಂದ ತೆಳು ಪೊರೆಯ ಮೂಲಕ ಹಾಯಿಸುತ್ತಾರೆ. ಒಂದು ಕಡೆ ಸಿಹಿ ನೀರು, ಇನ್ನೊಂದು ಕಡೆ ಮೊದಲಿಗಿಂತ ಉಪ್ಪಾದ ತ್ಯಾಜ್ಯ ನೀರು. ಉಪ್ಪು ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಆದ್ದರಿಂದ ಕಡಲ ತೀರದಲ್ಲಿ ಮೀನುಗಾರರು ಕೇಳುವ ಮೊದಲ ಪ್ರಶ್ನೆ: ಉಪ್ಪು ನೀರನ್ನು ಎಲ್ಲಿ ಬಿಡುತ್ತೀರಿ?

ಇದು ಕರಾವಳಿಯವರ ಮಾತು, ನಮಗೇಕೆ ಎನ್ನಬೇಡಿ. ನಮ್ಮ ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕ ಅದೇ ಯಂತ್ರದ ಚಿಕ್ಕ ರೂಪ. ಒಂದು ಲೆಕ್ಕ ನೋಡೋಣ. ಕೊಳವೆ ಬಾವಿ ನೀರಿನ ಒಂದು ಲೀಟರಿನಲ್ಲಿ 1 ಗ್ರಾಂ ಲವಣ, 2 ಮಿಲಿಗ್ರಾಂ ಫ್ಲೋರೈಡ್ ಇದೆ ಎನ್ನಿ. ಅರ್ಧ ನೀರು ಶುದ್ಧವಾಗಿ ಹೊರಬಂದರೆ ಉಳಿದರ್ಧದಲ್ಲಿ ಇವೆರಡೂ ಸುಮಾರು ಇಮ್ಮಡಿಯಾಗುತ್ತವೆ. ದಿನಕ್ಕೆ 3,000 ಲೀಟರ್ ತ್ಯಾಜ್ಯ ನೀರು ಹೊರಬಿದ್ದರೆ ಅದರಲ್ಲಿ 6 ಕಿಲೋ ಲವಣ. ವರ್ಷಕ್ಕೆ ಎರಡು ಟನ್ನಿಗೂ ಹೆಚ್ಚು, ಅಂದರೆ 50 ಕಿಲೋದ ಸುಮಾರು 44 ಮೂಟೆ! ಅದು ನಮ್ಮ ನೆಲದೊಳಗಿನ ಉಪ್ಪೇ ಹೌದು. ಆದರೆ ಎಲ್ಲೋ ಹರಡಿದ್ದುದು ಈಗ ಒಂದೇ ಮೋರಿಗೆ, ಒಂದೇ ಹಳ್ಳಕ್ಕೆ ಬೀಳುತ್ತದೆ. ಪಕ್ಕದ ಹೊಲದಲ್ಲಿ ಬೀನ್ಸ್ ಇದ್ದರೆ ಬೇಗ ಸೋಲುತ್ತದೆ, ಟೊಮೆಟೊ ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತದೆ. ಫ್ಲೋರೈಡ್ ಹೆಚ್ಚಾದ ಆ ನೀರನ್ನು ಸೀಮೆಹಸುಗಳಿಗೆ ಕುಡಿಸುವುದೂ ಒಳ್ಳೆಯದಲ್ಲ.

ಹಳ್ಳಿಯ ಘಟಕಕ್ಕೆ ಅಹವಾಲು ಸಭೆ ಕರೆಯುವುದಿಲ್ಲ. ಅದಕ್ಕೆ ನಿಮ್ಮ ಗ್ರಾಮಸಭೆಯೇ ಅಹವಾಲು ಸಭೆ. ತ್ಯಾಜ್ಯ ನೀರಿನ ದಾರಿಯನ್ನು ಅಲ್ಲಿ ಕೇಳಿ ಬರೆಸಿ.

ಸೈನೈಡ್ ದಿಬ್ಬಗಳ ಸರದಿ

ಕೆ.ಜಿ.ಎಫ್. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನ ತೆಗೆದುಳಿದ ಮಣ್ಣು ದಿಬ್ಬಗಳಾಗಿ ನಿಂತಿದೆ. ಗಾಳಿ ಬೀಸಿದಾಗ ಅದರ ಧೂಳು ಎಲ್ಲಿಯವರೆಗೆ ಹಾರುತ್ತದೆಂದು ನಾನು ನಿಮಗೆ ಹೇಳಬೇಕಾಗಿಲ್ಲ. 2024ರ ಜೂನ್‌ನಲ್ಲಿ ಸುಮಾರು ಸಾವಿರ ಎಕರೆಯಲ್ಲಿರುವ ಇಂಥ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿತು. ಕೆಲಸ ಬಂದರೆ ಗಣಿ ಮುಚ್ಚಿ ಬಡವಾದ ಮನೆಗಳಿಗೆ ಅನ್ನ. ಅದನ್ನು ಅಲ್ಲಗಳೆಯಲಾಗದು. ಆದರೆ ದಿಬ್ಬ ಕದಡಿದಾಗ ಧೂಳು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ತೊಳೆದ ನೀರು ಹಳ್ಳಕ್ಕಿಳಿದರೆ ಹೊಣೆ ಯಾರದು ಎಂದು ಕೇಳುವುದೂ ನಮ್ಮ ಹಕ್ಕು.

ನಿಯಮ ಏನು ಹೇಳುತ್ತದೆ?

2006ರ ಸೆಪ್ಟೆಂಬರ್ 14ರ ಕೇಂದ್ರದ ಅಧಿಸೂಚನೆಯ ಪ್ರಕಾರ ಅಹವಾಲು ಸಭೆಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಯೋಜನೆಯ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ ನಡೆಸಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ಅಧ್ಯಕ್ಷತೆ ಜಿಲ್ಲಾಧಿಕಾರಿಗಳದು ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅವರ ಪ್ರತಿನಿಧಿಯದು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಪಂಚಾಯಿತಿ ಮುಂತಾದ ಕಡೆ ಓದಲು ಸಿಗಬೇಕು. ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು. ಸಭೆಯ ವಿಡಿಯೋ ಚಿತ್ರೀಕರಣವಾಗಬೇಕು. ಕೊನೆಯಲ್ಲಿ ನಡಾವಳಿಯನ್ನು ಜನರ ಮುಂದೆ ಸ್ಥಳೀಯ ಭಾಷೆಯಲ್ಲಿಯೇ ಓದಿ ಹೇಳಬೇಕು.

ಒಂದು ಮಾತು ಚೆನ್ನಾಗಿ ನೆನಪಿಡಿ. ಈ ಸಭೆಗೆ ಕೋರಂ ಇಲ್ಲ. ಐದೇ ಜನ ಬಂದರೂ ಸಭೆ ನಡೆದಂತೆಯೇ ಲೆಕ್ಕ. ನೀವು ಮನೆಯಲ್ಲಿ ಕೂತರೆ ಸಭೆ ನಿಲ್ಲುವುದಿಲ್ಲ, ನಿಮ್ಮ ಮಾತು ಮಾತ್ರ ದಾಖಲೆಯಾಗುವುದಿಲ್ಲ. ಇದು ಕೈಯೆತ್ತಿ ಓಟು ಹಾಕುವ ಸಭೆಯೂ ಅಲ್ಲ. ಎಷ್ಟು ಜನ ಕೂಗಿದರು ಎಂಬುದಕ್ಕಿಂತ ಯಾವ ಪ್ರಶ್ನೆ ದಾಖಲಾಯಿತು ಎಂಬುದು ಮುಖ್ಯ. ಏಕೆಂದರೆ ಆ ಪ್ರಶ್ನೆಗೆ ಅಂತಿಮ ವರದಿಯಲ್ಲಿ ಉತ್ತರ ಕೊಡಲೇಬೇಕು.

ಸಿದ್ಧತೆ ಹೀಗಿರಲಿ

1. ಯೋಜನೆಯ ಸುದ್ದಿ ಬಂದ ಕೂಡಲೇ ನಿಮ್ಮ ಬಾವಿ ನೀರನ್ನೂ ಹೊಲದ ಮಣ್ಣನ್ನೂ ಪರೀಕ್ಷೆ ಮಾಡಿಸಿ. ಪಂಪನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಶುಭ್ರವಾದ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ಒಂದು ಲೀಟರ್ ಹಿಡಿಯಿರಿ. ಸರ್ವೆ ನಂಬರು, ಬಾವಿಯ ಆಳ, ದಿನಾಂಕ ಬರೆದು ತಡಮಾಡದೆ ತಲುಪಿಸಿ. ಸೈನೈಡ್ ಮತ್ತು ಭಾರಲೋಹಗಳ ಪರೀಕ್ಷೆಗೆ ಮಾದರಿ ಹಿಡಿಯುವ ಕ್ರಮವೇ ಬೇರೆ. ಪ್ರಯೋಗಾಲಯವನ್ನು ಮೊದಲೇ ಕೇಳಿಕೊಳ್ಳಿ. ಇಂದಿನ ಫಲಿತಾಂಶ ಕೈಯಲ್ಲಿಲ್ಲದಿದ್ದರೆ ನಾಳೆ ನೀರು ಕೆಟ್ಟಿತೆಂದು ತೋರಿಸುವುದು ಕಷ್ಟ.

2. ವರದಿಯಲ್ಲಿ ನೀರಿನ ಮಾದರಿ ಯಾವ ತಿಂಗಳಲ್ಲಿ ತೆಗೆದದ್ದು ನೋಡಿ. ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಇರುತ್ತದೆ. ದಿಬ್ಬ ಕೊಚ್ಚುವುದು ಮಳೆಯಲ್ಲಿ. ಆದ್ದರಿಂದ ಮಳೆಗಾಲದ ಮಾಹಿತಿಯನ್ನೂ ಕೇಳಿ.

3. ನಿಮ್ಮ ಕೆರೆ, ಹಳ್ಳ, ಬಾವಿಗಳು ವರದಿಯ ನಕ್ಷೆಯಲ್ಲಿವೆಯೇ ನೋಡಿ. ಇಲ್ಲದಿದ್ದರೆ ಹೆಸರು ಸಮೇತ ಸೇರಿಸಲು ಹೇಳಿ.

4. ಒಬ್ಬರಿಗೆ ಒಂದು ಪ್ರಶ್ನೆ ಹಂಚಿಕೊಳ್ಳಿ. ಮಾತಾಡಲು ಸಂಕೋಚವಿದ್ದವರು ಬರೆದುಕೊಟ್ಟು ಸ್ವೀಕೃತಿ ಪಡೆಯಲಿ. ನೀರು ಹೊರುವವರು ಹೆಣ್ಣುಮಕ್ಕಳು. ಅವರು ಮುಂದಿನ ಸಾಲಿನಲ್ಲಿರಲಿ.

5. ಅನುಮತಿಯ ನಿರ್ಧಾರ ಅನ್ಯಾಯವೆನಿಸಿದರೆ 30 ದಿನದೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು.

“ನಾವು ಓದಿದವರಲ್ಲ ಸ್ವಾಮಿ, ತಜ್ಞರ ಮುಂದೆ ಏನು ಮಾತಾಡೋದು?” ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ತಜ್ಞರು ವರದಿ ಬರೆಯಲು ಕೆಲವು ತಿಂಗಳು ಈ ನೆಲದಲ್ಲಿರುತ್ತಾರೆ. ಯಾವ ಮಳೆಗೆ ಯಾವ ಕೋಡಿ ಹರಿಯಿತು, ಯಾವ ಬಾವಿಯ ನೀರು ಯಾವ ವರ್ಷ ರುಚಿ ಬದಲಿಸಿತು ಎಂಬುದು ಗೊತ್ತಿರುವುದು ನಿಮಗೆ. ಆ ತಿಳಿವಳಿಕೆ ಆ ವರದಿಗೆ ಸೇರಲಿ. ಯೋಜನೆ ಬೇಕೆನ್ನಿ, ಬೇಡವೆನ್ನಿ, ಅದು ನಿಮ್ಮ ವಿವೇಚನೆ. ಆದರೆ ಸಭೆಗೆ ತಪ್ಪದೆ ಹೋಗಿ, ಕೇಳಿ, ಬರೆಸಿ ಬನ್ನಿ.