ವಿದ್ಯುತ್ತಿನ ಹೊಸ ಜಾಲವೂ ನಮ್ಮ ಲೆಕ್ಕವೂ

(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಮಾತಿಗೆ ನಾನು ವಿದ್ಯುತ್ತಿನ ವಿಷಯವನ್ನು ಆರಿಸಿಕೊಂಡಿದ್ದೇನೆ. ನಾನು ಎಂಜಿನಿಯರನಲ್ಲ, ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಆದರೆ ಈ ವಿಷಯವು ಈಗ ಯಂತ್ರದ ಕೋಣೆಯನ್ನು ಬಿಟ್ಟು ಲೆಕ್ಕದ ಪುಸ್ತಕಕ್ಕೇ ಬಂದು ನಿಂತಿರುವುದರಿಂದ ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇನೆ. ನಾವು ಇರುವ ಬೀದಿಗಳಲ್ಲಿ ಹಳೆಯ ಮೀಟರುಗಳನ್ನು ತೆಗೆದು ಹೊಸವನ್ನು ಕೂಡಿಸುತ್ತಿದ್ದಾರೆ. ಹೊಸ ಮೀಟರು ಓಡುತ್ತದೆ, ಬಿಲ್ಲು ಬೆಳೆಯುತ್ತದೆ ಎಂದು ಕೆಲವರು ಹೆದರುತ್ತಾರೆ; ಹಗಲಿನಲ್ಲಿ ಕರೆಂಟು ಅಗ್ಗವಾಯಿತು ಎಂದು ಕೆಲವರು ಸಂತೋಷಪಡುತ್ತಾರೆ. ಹೆದರುವುದಕ್ಕೂ ಸಂತೋಷಪಡುವುದಕ್ಕೂ ಮೊದಲು ಸಂಗತಿ ಏನೆಂದು ತಿಳಿಯುವುದು ಒಳ್ಳೆಯದು.

ವಿದ್ಯುತ್ತಿಗೂ ಕನ್ನಡ ನಾಡಿಗೂ ಹಳೆಯ ನಂಟು. 1902ರಲ್ಲಿ ಶಿವನಸಮುದ್ರದ ಕಾವೇರಿಯ ನೀರಿನಿಂದ ಹುಟ್ಟಿದ ಶಕ್ತಿ ಸುಮಾರು 92 ಮೈಲಿ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಅನಂತರ, 1905ರಲ್ಲಿ. ಈ ಕಡೆ ಪುಣೆ-ಮುಂಬಯಿಗಳ ನಡುವೆ ಘಟ್ಟದ ಕೆಳಗಿನ ಖೋಪೋಲಿಯಲ್ಲಿ ಟಾಟಾ ಕಂಪನಿಯ ಜಲವಿದ್ಯುತ್ ಕೇಂದ್ರವು 1915ರಲ್ಲಿ ಶುರುವಾಗಿ ಮುಂಬಯಿಯ ಬಟ್ಟೆ ಗಿರಣಿಗಳನ್ನು ನಡೆಸಿತು. ಎರಡು ಕಡೆಗೂ ಕ್ರಮ ಒಂದೇ. ಶಕ್ತಿ ಒಂದು ಕಡೆ ಹುಟ್ಟಬೇಕು, ತಂತಿಯಲ್ಲಿ ಒಂದೇ ದಿಕ್ಕಿಗೆ ಹರಿದು ಬರಬೇಕು. ಬಳಸುವವನ ಕೆಲಸ ಎರಡೇ: ಗುಂಡಿ ಒತ್ತುವುದು, ಬಿಲ್ಲು ಕಟ್ಟುವುದು. ನೂರು ವರ್ಷಕ್ಕೂ ಹೆಚ್ಚು ಕಾಲ ಹೀಗೆಯೇ ನಡೆದು ಬಂದಿತು.

ಈ ಸರಕಿಗೆ ಒಂದು ವಿಚಿತ್ರ ಗುಣ ಉಂಟು. ಜೋಳವನ್ನು ಹಗೇವಿನಲ್ಲಿ ಇಡಬಹುದು, ಬಟ್ಟೆಯನ್ನು ಗೋದಾಮಿನಲ್ಲಿ ಇಡಬಹುದು. ವಿದ್ಯುತ್ತನ್ನು ದೊಡ್ಡ ಪ್ರಮಾಣದಲ್ಲಿ ಹಾಗೆ ಕೂಡಿಡುವುದು ಕಷ್ಟ, ಖರ್ಚಿನ ಕೆಲಸ. ಆದ್ದರಿಂದ ಯಾವ ಗಳಿಗೆಯಲ್ಲಿ ಎಷ್ಟು ಬೇಕೋ ಅದೇ ಗಳಿಗೆಯಲ್ಲಿ ಅಷ್ಟನ್ನೇ ಹುಟ್ಟಿಸಬೇಕು. ನಮ್ಮ ದೇಶದ ಜಾಲದಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಂತೆ ನಡೆಯಬೇಕು. ಬೇಡಿಕೆ ಏರಿ ಉತ್ಪಾದನೆ ಸಾಲದಾದರೆ ಆ ಎಣಿಕೆ ಇಳಿಯುತ್ತದೆ. ಬಹಳ ಇಳಿದರೆ ಯಂತ್ರಗಳು ತಮ್ಮ ರಕ್ಷಣೆಗೆ ತಾವೇ ಕಳಚಿಕೊಳ್ಳುತ್ತವೆ. ಭಾರ ಮಿತಿಮೀರಿದ ಒಂದು ತಂತಿ ಕಳಚಿಕೊಂಡರೂ ಅದರ ಹೊರೆ ಪಕ್ಕದ ತಂತಿಗಳ ಮೇಲೆ ಬಿದ್ದು ಒಂದರ ಹಿಂದೊಂದು ಕಳಚಬಹುದು. 2012ರ ಜುಲೈ 30 ಮತ್ತು 31ರಂದು ಉತ್ತರದ ಮತ್ತು ಪೂರ್ವದ ಜಾಲಗಳು ಕುಸಿದು, 60 ಕೋಟಿಗೂ ಮಿಕ್ಕಿ ಜನರಿರುವ ಪ್ರದೇಶ ಕತ್ತಲಾಯಿತು. ಮರುವರ್ಷ, 2013ರ ಡಿಸೆಂಬರ್ 31ರಂದು, ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ ತಂತಿಯ ಮೂಲಕ ದಕ್ಷಿಣದ ಜಾಲವೂ ಉಳಿದ ದೇಶದ ಜಾಲದೊಡನೆ ಒಂದೇ ಲಯದಲ್ಲಿ ಕೂಡಿತು. ರಾಯಚೂರು-ಸೊಲ್ಲಾಪುರದ ದಾರಿ ನಮಗೆ ಹೊಸದಲ್ಲ. ಇಲ್ಲಿ ಕುಳಿತವರಲ್ಲಿ ಎಷ್ಟೋ ಜನ ಅದೇ ದಾರಿಯ ರೈಲು ಹತ್ತಿ ಪುಣೆಗೆ ಬಂದವರು. ಇಂದು ಅಲ್ಲಿಯ ದೀಪ, ಇಲ್ಲಿಯ ದೀಪ ಒಂದೇ ಜಾಲದ ದೀಪಗಳು.

ಜಾಲ ಇಷ್ಟು ದೊಡ್ಡದಾದರೂ ಕಟ್ಟಕಡೆಯ ತುದಿಯಲ್ಲಿ ಅದು ಕುರುಡಾಗಿಯೇ ಇತ್ತು. ಕೊಯ್ನೆಯಲ್ಲಿ ಎಷ್ಟು ಹುಟ್ಟಿತು, ದೊಡ್ಡ ಉಪಕೇಂದ್ರದಲ್ಲಿ ಎಷ್ಟು ಹರಿಯಿತು ಎಂಬ ಲೆಕ್ಕ ಉಂಟು. ಬೀದಿಯ ಟ್ರಾನ್ಸ್‌ಫಾರ್ಮರು ದಾಟಿದ ಮೇಲೆ ಏನಾಯಿತೆಂಬುದು ತಿಂಗಳಿಗೊಮ್ಮೆ ಮೀಟರು ಓದುವವನು ಬಂದಾಗ ಮಾತ್ರ ತಿಳಿಯುತ್ತಿತ್ತು. ನಮ್ಮ ಓಣಿಯಲ್ಲಿ ಕರೆಂಟು ಹೋದರೆ ಯಾರಾದರೂ ಫೋನು ಮಾಡುವ ತನಕ ಕಚೇರಿಗೆ ಸುದ್ದಿಯಿಲ್ಲ. ಸ್ಮಾರ್ಟ್ ಗ್ರಿಡ್, ಅಂದರೆ ಜಾಣ ಜಾಲ ಎನ್ನುವುದು ಈ ಕುರುಡುತನಕ್ಕೆ ಕೊಟ್ಟ ಔಷಧ. ತಂತಿಯಲ್ಲಿ ಶಕ್ತಿ ಹರಿಯುವುದರ ಜೊತೆಗೆ ಸುದ್ದಿಯೂ ಹರಿಯುತ್ತದೆ, ಅದೂ ಎರಡು ದಿಕ್ಕಿಗೆ. ಹೊಸ ಮೀಟರು ಅರ್ಧ ಗಂಟೆಗೊಮ್ಮೆಯೋ ಕಾಲು ಗಂಟೆಗೊಮ್ಮೆಯೋ ಬಳಕೆಯನ್ನು ಬರೆದಿಟ್ಟುಕೊಂಡು ಮೊಬೈಲಿನಂತೆ ಗಾಳಿಯ ಮೂಲಕ ಕಚೇರಿಗೆ ಕಳಿಸುತ್ತದೆ. ಹಳೆಯ ಮೀಟರು ತಿಂಗಳ ಕೊನೆಯ ಒಟ್ಟು ಮೊತ್ತವನ್ನು ಮಾತ್ರ ಹೇಳುತ್ತಿತ್ತು. ಹೊಸದು ಹಾಜರಿ ಪುಸ್ತಕದಂತೆ ಹೊತ್ತು ಹೊತ್ತಿನ ಲೆಕ್ಕ ಇಡುತ್ತದೆ.

ದೇಶದಲ್ಲಿ ಇದನ್ನು ಪರೀಕ್ಷಿಸಲು ಕೇಂದ್ರದ ವಿದ್ಯುತ್ ಮಂತ್ರಾಲಯವು 14 ಪ್ರಾಯೋಗಿಕ ಯೋಜನೆಗಳನ್ನು ಆರಿಸಿದಾಗ ಅವುಗಳಲ್ಲಿ ಒಂದು ಮೈಸೂರಿನ ವಾಣಿವಿಲಾಸ ಮೊಹಲ್ಲಾ. ಅಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ಸುಮಾರು 22 ಸಾವಿರ ಗ್ರಾಹಕರನ್ನು ಯೋಜನೆಗೆ ಸೇರಿಸಿತು. ಮನೆ, ಅಂಗಡಿ, ಕಾರಖಾನೆಗಳಲ್ಲದೆ ನೀರಾವರಿಯ ಪಂಪುಗಳೂ ಅದರಲ್ಲಿದ್ದವು. 2021ರಲ್ಲಿ ಕೇಂದ್ರ ಸರ್ಕಾರವು ದೇಶದಲ್ಲೆಲ್ಲ 25 ಕೋಟಿ ಸ್ಮಾರ್ಟ್ ಮೀಟರು ಹಾಕುವ ಗುರಿಯಿಟ್ಟುಕೊಂಡು ಯೋಜನೆಯನ್ನು ಪ್ರಕಟಿಸಿತು. ನಮ್ಮ ಬಾಗಿಲಿಗೆ ಬಂದಿರುವುದು ಅದೇ.

ಇನ್ನು ಹೊತ್ತಿಗೊಂದು ದರ ಏಕೆ ಎಂಬ ಪ್ರಶ್ನೆ. ತುಮಕೂರು ಜಿಲ್ಲೆಯ ಪಾವಗಡ ಬರಗಾಲಕ್ಕೆ ಹೆಸರಾದ ತಾಲ್ಲೂಕು. ಅಲ್ಲಿಯ ರೈತರು ಗೇಣಿಗೆ ಕೊಟ್ಟ ಹೊಲಗಳಲ್ಲಿ ಇಂದು 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಕ್ಷೇತ್ರ ನಿಂತಿದೆ. ಇಂಥವು ದೇಶದಲ್ಲಿ ಹೆಚ್ಚಿದಂತೆ ಮಧ್ಯಾಹ್ನ ವಿದ್ಯುತ್ತು ಧಾರಾಳ. ಸಂಜೆ ಸೂರ್ಯ ಮುಳುಗುತ್ತಾನೆ. ಅದೇ ಹೊತ್ತಿಗೆ ನಾವೆಲ್ಲ ಮನೆಗೆ ಬಂದು ದೀಪ, ಫ್ಯಾನು, ಮಿಕ್ಸರು, ಟೀವಿ ಎಲ್ಲವನ್ನೂ ಒಮ್ಮೆಗೇ ಹಚ್ಚುತ್ತೇವೆ. ಪಾಳಿ ಬದಲಾಗುವಾಗ ಗಿರಣಿಯ ಬಾಗಿಲಲ್ಲಿ ಆಗುವ ನೂಕುನುಗ್ಗಲು ನಿಮಗೆ ಗೊತ್ತು. ಆ ಹತ್ತು ನಿಮಿಷಕ್ಕಾಗಿ ಬಾಗಿಲನ್ನು ಎರಡರಷ್ಟು ಅಗಲ ಮಾಡಬೇಕೇ, ಜನ ಸ್ವಲ್ಪ ಹಿಂದೆಮುಂದೆ ಬರುವಂತೆ ಮಾಡಬೇಕೇ? ವಿದ್ಯುತ್ತಿನ ಕಂಪನಿಯ ಮುಂದಿರುವ ಪ್ರಶ್ನೆಯೂ ಇದೇ. ಸಂಜೆಯ ಎರಡು ಮೂರು ಗಂಟೆಗಾಗಿ ಹೊಸ ಕೇಂದ್ರ ಕಟ್ಟುವುದಕ್ಕಿಂತ, ಹಗಲಿಗೆ ಸರಿಸಬಹುದಾದ ಕೆಲಸವನ್ನು ಸರಿಸಿದವನಿಗೆ ರಿಯಾಯಿತಿ ಕೊಡುವುದು ಅಗ್ಗ. 2025ರ ಜುಲೈ 1ರಿಂದ ಹೊಸ ಮೀಟರಿರುವ ಮನೆಗಳಿಗೆ ಬೆಳಿಗ್ಗೆ 9ರಿಂದ ಸಂಜೆ 5ರವರೆಗಿನ ಬಳಕೆಗೆ ಯೂನಿಟ್ಟಿಗೆ 80 ಪೈಸೆಯಿಂದ ಶುರುವಾಗುವ ರಿಯಾಯಿತಿಯನ್ನು ಮಹಾವಿತರಣ ಪ್ರಕಟಿಸಿತು. ದರಗಳು ಆಗಾಗ್ಗೆ ಬದಲಾಗುವುದರಿಂದ ನಿಮ್ಮ ಬಿಲ್ಲಿನಲ್ಲಿ ಬರೆದದ್ದೇ ಪ್ರಮಾಣ.

ಬಳಕೆದಾರನು ಕೈಕಟ್ಟಿ ಕೂರದೆ ಜಾಲದ ಕೆಲಸದಲ್ಲಿ ತಾನೂ ಪಾಲುಗೊಳ್ಳುವ ಈ ಪದ್ಧತಿ ಪುಣೆಗೆ ಹೊಸದೇನಲ್ಲ. 2006ರಲ್ಲಿ ಮಹಾರಾಷ್ಟ್ರವೆಲ್ಲ ಲೋಡ್ ಶೆಡ್ಡಿಂಗಿನಲ್ಲಿ ತೊಳಲುತ್ತಿದ್ದಾಗ ಈ ನಗರಕ್ಕೆ ಸುಮಾರು 90 ಮೆಗಾವ್ಯಾಟಿನ ಕೊರತೆ ಇತ್ತು. ಆಗ ಸಿ.ಐ.ಐ. ಎಂಬ ಉದ್ಯಮಿಗಳ ಒಕ್ಕೂಟವು ಒಂದು ಉಪಾಯ ಮುಂದಿಟ್ಟಿತು. ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ಕಾರಖಾನೆಗಳು ತಮ್ಮ ಸ್ವಂತ ಜನರೇಟರುಗಳನ್ನು ನಡೆಸಿಕೊಳ್ಳುವುದು. ಹೀಗೆ ಉಳಿದ ವಿದ್ಯುತ್ತನ್ನು ಊರಿನ ಮನೆಗಳಿಗೆ ಬಿಡುವುದು. ಆ ದುಬಾರಿ ಇಂಧನದ ಹೆಚ್ಚಿನ ಖರ್ಚನ್ನು ಗ್ರಾಹಕರು ಯೂನಿಟ್ಟಿಗೆ ಸುಮಾರು 40 ಪೈಸೆಯಂತೆ ಹಂಚಿಕೊಳ್ಳುವುದು. ಕಡಿಮೆ ಬಳಸುವ ಮನೆಗಳಿಗೆ ಆ ಹೊರೆ ಹೊರಿಸಲಿಲ್ಲ. ವಿದ್ಯುತ್ ನಿಯಂತ್ರಣ ಆಯೋಗ ಒಪ್ಪಿತು, ಪುಣೆಯ ದೀಪ ಉರಿಯಿತು. ಇದೇ ಊರಿನ ಪ್ರಯಾಸ್ ಎಂಬ ಸಂಸ್ಥೆ ಇನ್ನೊಂದು ಬಗೆಯ ಕೆಲಸ ಮಾಡಿತು. ಹಲವು ಊರುಗಳ ಮನೆಗಳಲ್ಲಿ ಪುಟ್ಟ ಉಪಕರಣ ಜೋಡಿಸಿ, ನಿಮಿಷ ನಿಮಿಷಕ್ಕೆ ವೋಲ್ಟೇಜು ಎಷ್ಟು, ಕರೆಂಟು ಎಷ್ಟು ಹೊತ್ತು ಹೋಗಿತ್ತು ಎಂಬುದನ್ನು ಬರೆದು ಜನರ ಮುಂದಿಟ್ಟಿತು. ಕಂಪನಿ ನಮ್ಮನ್ನು ಅಳೆಯುವಂತೆ ನಾವೂ ಕಂಪನಿಯನ್ನು ಅಳೆಯಬಹುದು ಎಂಬುದನ್ನು ಅದು ತೋರಿಸಿತು.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮಲ್ಲಿ ಬಹುಜನ ಬಾಡಿಗೆಯ ಖೋಲಿಗಳಲ್ಲಿ ಇರುವವರು. ಕಂಪನಿಯ ಮೀಟರು ಮಾಲಿಕರ ಹೆಸರಿನಲ್ಲಿ. ನಮಗೆ ಅವರು ಹಾಕಿಸಿದ ಸಬ್‌ಮೀಟರು, ಯೂನಿಟ್ಟಿಗೆ ಒಂದೇ ದರ. ಮಹಾರಾಷ್ಟ್ರದಲ್ಲಿ ತಿಂಗಳಿಗೆ ಮೊದಲ 100 ಯೂನಿಟ್ಟಿಗೆ ಕಡಿಮೆ ದರ, 101ರಿಂದ 300ರವರೆಗೆ ಬಹಳ ಹೆಚ್ಚು, ಅದರ ಮೇಲೆ ಇನ್ನೂ ಹೆಚ್ಚು. ನಾಲ್ಕು ಖೋಲಿಗಳು ತಲಾ 80 ಯೂನಿಟ್ಟು ಬಳಸಿದರೆ ಬೇರೆ ಬೇರೆ ಮೀಟರಿನಲ್ಲಿ ಎಲ್ಲರೂ ಮೊದಲ ಮೆಟ್ಟಿಲಿನವರೇ. ಒಂದೇ ಮೀಟರಿಗೆ ತೂಗುಹಾಕಿದರೆ 320 ಯೂನಿಟ್ಟು. ಬಡವರ ನಾಲ್ಕು ಮನೆ ಸೇರಿ ಕಾಗದದ ಮೇಲೆ ಒಬ್ಬ ಸಾಹುಕಾರನಾಗುತ್ತದೆ. ಹೊಸ ರಿಯಾಯಿತಿಯ ಲೆಕ್ಕವನ್ನೂ ನೋಡಿರಿ. ಪ್ರತಿ ಖೋಲಿಯಲ್ಲಿ ಹಗಲಿನ ಬಳಕೆ 30 ಯೂನಿಟ್ಟು ಎಂದರೆ ನಾಲ್ಕರಿಂದ 120. ತಲಾ 80 ಪೈಸೆಯಂತೆ 96 ರೂಪಾಯಿ. ಆ ಮೊತ್ತ ಇಳಿಯುವುದು ಮಾಲಿಕರ ಬಿಲ್ಲಿನಲ್ಲಿ. ರಾತ್ರಿಪಾಳಿ ಮುಗಿಸಿ ಹಗಲು ಮನೆಯಲ್ಲಿರುವ ನಮ್ಮವರೇ ಹಗಲಿನಲ್ಲಿ ಹೆಚ್ಚು ಬಳಸುವವರು. ಅದರ ಫಲ ಮಾತ್ರ ಅವರಿಗೆ ಮುಟ್ಟದು. ಮಾಲಿಕರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಈ ಲೆಕ್ಕವೇ ತಿಳಿಯದ ಮಾಲಿಕರೂ ಉಂಟು. ಆದರೆ ಜಾಣ ಜಾಲವು ಯಾರ ಹೆಸರಿನಲ್ಲಿ ಮೀಟರಿದೆಯೋ ಅವರನ್ನು ಮಾತ್ರ ಬಲ್ಲದು ಎಂಬುದನ್ನು ನಾವು ಮರೆಯಬಾರದು.

ಇದಕ್ಕೆ ಮಾರ್ಗ ಉಂಟೇ? ಉಂಟು. 2003ರ ವಿದ್ಯುತ್ ಕಾಯಿದೆಯ 43ನೆಯ ಕಲಮಿನಲ್ಲಿ ಸಂಪರ್ಕ ಕೇಳುವ ಅಧಿಕಾರ ಕಟ್ಟಡದ ಒಡೆಯನಿಗೆ ಮಾತ್ರವಲ್ಲ, ಅದರಲ್ಲಿ ವಾಸವಾಗಿರುವವನಿಗೂ ಇದೆ. ವಾಸದ ದಾಖಲೆ ಬೇಕು. ಆದ್ದರಿಂದ ಬಾಡಿಗೆಯ ಕರಾರು ಪತ್ರವನ್ನು ಬಾಯಿಮಾತಿಗೆ ಬಿಡದೆ ಬರೆಯಿಸಿಟ್ಟುಕೊಳ್ಳಿರಿ. ಬೇರೆ ಮೀಟರು ಸಾಧ್ಯವಾಗದಿದ್ದರೆ ಮಾಲಿಕರೊಡನೆ ವಿನಯದಿಂದ ಕುಳಿತು ಕಂಪನಿಯ ಬಿಲ್ಲನ್ನು ತೋರಿಸಲು ಕೇಳಿ, ಒಟ್ಟು ಮೊತ್ತವನ್ನು ಯೂನಿಟ್ಟಿನ ಪ್ರಕಾರ ಹಂಚಿಕೊಳ್ಳುವ ಕ್ರಮಕ್ಕೆ ಒಪ್ಪಿಸಬಹುದು. ಲೆಕ್ಕ ಎದುರಿಗಿದ್ದರೆ ಜಗಳಕ್ಕೆ ಎಡೆ ಕಡಿಮೆ.

ಹೊಸ ಮೀಟರು ಹೆಚ್ಚು ಓಡುತ್ತದೆ ಎಂಬ ಸಂಶಯ ಬಂದವರು ಸುಮ್ಮನೆ ಗೊಣಗಬೇಕಾಗಿಲ್ಲ. 2024ರಲ್ಲಿ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ, ದೂರು ಕೊಟ್ಟ ಐದು ದಿನಗಳೊಳಗೆ ಕಂಪನಿಯು ಪಕ್ಕದಲ್ಲಿ ಇನ್ನೊಂದು ಮೀಟರು ಕೂಡಿಸಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ಕರೆಂಟು ಹೋದರೆ 1912ಕ್ಕೆ ಫೋನು ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿರಿ. ಕಚೇರಿಯಲ್ಲಿ ಕೆಲಸವಾಗದಿದ್ದರೆ ಗ್ರಾಹಕರ ಕುಂದುಕೊರತೆಯ ವೇದಿಕೆ ಇದೆ, ಅದರ ಮೇಲೆ ವಿದ್ಯುತ್ ಲೋಕಪಾಲರಿದ್ದಾರೆ. ಮುಂಗಡ ಹಣ ತೀರಿದೊಡನೆ ದೀಪ ಆರುವ ಮೀಟರಿನ ಭಯವೂ ಜನರಲ್ಲಿತ್ತು. ಸಾಮಾನ್ಯ ಗ್ರಾಹಕರಿಗೆ ಅಂಥ ಮೀಟರು ಹಾಕುವುದಿಲ್ಲವೆಂದು 2024ರ ಜೂನಿನಲ್ಲಿ ರಾಜ್ಯ ಸರ್ಕಾರ ಹೇಳಿತು. ಜನ ಕೇಳಿದ್ದರಿಂದಲೇ ಆ ಮಾತು ಬಂದಿತು.

ಆದರೂ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಅರ್ಧ ಗಂಟೆಗೊಮ್ಮೆ ಬರೆಯುವ ಮೀಟರಿಗೆ ಮನೆಯಲ್ಲಿ ಜನ ಯಾವಾಗ ಇದ್ದಾರೆ, ಯಾವಾಗ ಇಲ್ಲ ಎಂಬುದೂ ತಿಳಿಯುತ್ತದೆ. ಆ ಲೆಕ್ಕ ಬೇರೆಯವರ ಕೈ ಸೇರದಂತೆ ಕಾಯುವುದು ಕಂಪನಿಯ ಕರ್ತವ್ಯ; ಕೇಳುವುದು ನಮ್ಮ ಕರ್ತವ್ಯ. ಎರಡನೆಯದು ಮನೆಯೊಳಗಿನ ಮಾತು. ಕೆಲಸವನ್ನು ಹಗಲಿಗೆ ಸರಿಸಿ ಎಂದಾಗ ಯಾರ ಹಗಲು? ಒಗೆಯುವುದು, ರುಬ್ಬುವುದು, ಇಸ್ತ್ರಿ ಮಾಡುವುದು ಎಲ್ಲವೂ ತಾಯಂದಿರ ತಲೆಯ ಮೇಲೆ ಬಿದ್ದರೆ, ಉಳಿದ ಪೈಸೆ ಮನೆಯದು, ದಣಿವು ಮಾತ್ರ ಒಬ್ಬರದು. ಹಗಲು ಮನೆಯಲ್ಲಿರುವ ಗಂಡಸರೂ ಕೈ ಹಚ್ಚಲಿ.

ಕೊನೆಗೆ ಒಂದು ಸೂಚನೆ. ಈ ವಾಚನಾಲಯದ ಮೇಜಿನ ಮೇಲೆ ನಾವು ಪತ್ರಿಕೆಗಳನ್ನು ಓದುತ್ತೇವೆ, ಊರಿನ ಸುದ್ದಿ ತಿಳಿಯುತ್ತೇವೆ. ತಿಂಗಳಿಗೊಂದು ರವಿವಾರ ವಿದ್ಯುತ್ತಿನ ಬಿಲ್ಲನ್ನೂ ಇಲ್ಲಿಗೇ ತರೋಣ. ಮರಾಠಿ ಬಲ್ಲವರು ಅರಿಯದವರಿಗೆ ಓದಿ ಹೇಳಲಿ. ಎಷ್ಟು ಯೂನಿಟ್ಟು, ಯಾವ ಮೆಟ್ಟಿಲು, ಹಗಲಿನ ರಿಯಾಯಿತಿ ಎಷ್ಟು, ಇಂಧನದ ಸರಿದೂಗಿಕೆ ಎಷ್ಟು ಎಂದು ಸಾಲು ಸಾಲಾಗಿ ಬರೆದು ನೋಡೋಣ. ಅರ್ಜಿ ಬೇಕಾದವರಿಗೆ ಅರ್ಜಿ ಬರೆದುಕೊಡಲು ನಾವು ನಾಲ್ಕು ಜನ ಸ್ವಯಂಸೇವಕರು ಸಿದ್ಧರಿದ್ದೇವೆ. ಮೀಟರು ಎಷ್ಟೇ ಜಾಣವಾದರೂ ಅದು ಬರೆದದ್ದನ್ನು ಓದುವವರು ಬೇಕು. ಓದಬಲ್ಲ ಬಳಕೆದಾರರಿರುವ ಊರಿನಲ್ಲಿ ಮಾತ್ರ ಆ ಜಾಲವು ಎಲ್ಲರ ಜಾಲವಾದೀತು.